ಒಂದೇ ಅಂಗಳದಲ್ಲಿ ಉರುಳಿದ ಎರಡು ಗಾಲಿಗಳು: ಜಾನ್ ಬಾಯ್ಡ್ ಡನ್ಲಪ್ ಬದುಕು

ಹಾಸನದಿಂದ ಪಶ್ಚಿಮಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಆಲೂರು ತಾಲೂಕನ್ನು ಹಾಯುತ್ತಿದ್ದಂತೆ ನೆಲದ ಗುಣವೇ ಬದಲಾಗತೊಡಗುತ್ತದೆ. ಬಯಲುಸೀಮೆಯ ಒಣಗಾಳಿ ಹಿಂದೆ ಉಳಿಯುತ್ತದೆ. ಗದ್ದೆಬಯಲು, ಕಾಫಿ ತೋಟಗಳ ನೆರಳು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆರದ ತೇವ ಎದುರಾಗುತ್ತವೆ. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ ಶಿರಾಡಿ ಘಾಟಿಗೆ ಇಳಿಯುವ ಹೊತ್ತಿಗೆ ಡಾಂಬರು ಹೋಗಿ ಕಾಂಕ್ರೀಟು ಬರುತ್ತದೆ. ನೇರ ರಸ್ತೆ ಹೋಗಿ ತಿರುವುಗಳು ಬರುತ್ತವೆ. ಬೆಳಿಗ್ಗೆ ಬೆಂಗಳೂರಿನ ಬಿಸಿಲಿನಲ್ಲಿ ಹೊರಟ ಕಾರು ಮಧ್ಯಾಹ್ನ ಈ ಮಳೆಯಲ್ಲಿ ಇಳಿಯುತ್ತಿರುತ್ತದೆ. ಟನ್ನಿಗೂ ಹೆಚ್ಚಿನ ಆ ಭಾರವನ್ನು ನೆಲಕ್ಕೆ ಹಿಡಿದಿಡುವುದು ಅಂಗೈ ಅಗಲದ ನಾಲ್ಕು ರಬ್ಬರ್ ತುಣುಕುಗಳು ಮಾತ್ರ.

ಆದ್ದರಿಂದಲೇ ಈ ಮಾರ್ಗದ ಪ್ರಯಾಣಿಕರಿಗೆ ಟೈರಿನ ಆಯ್ಕೆ ಕೇವಲ ಬೆಲೆಯ ಪ್ರಶ್ನೆಯಲ್ಲ. ಎಲ್ಲ ಋತುಗಳಿಗೂ ಸಲ್ಲುವುದೆಂದು ಹೇಳಲಾಗುವ ದುಬಾರಿ ಟೈರುಗಳ ಪೈಕಿ ಯಾವುದು ಮೇಲು ಎಂದು ತಿಳಿಯಲು ಇಂದು ಕೋಷ್ಟಕಗಳಿವೆ, ದರ್ಜೆಗಳಿವೆ. ಆದರೆ ಎರಡು ಗಾಲಿಗಳನ್ನು ಒಂದೇ ನೆಲದ ಮೇಲೆ ಉರುಳಿಸಿ ನೋಡಿದ ಸರಳ ಪರೀಕ್ಷೆಯೊಂದು ಈ ಉದ್ಯಮದ ಹುಟ್ಟಿನಲ್ಲಿಯೇ ಇದೆ. ಅದನ್ನು ನಡೆಸಿದವನು ಎಂಜಿನಿಯರನಲ್ಲ, ರಬ್ಬರ್ ವ್ಯಾಪಾರಿಯೂ ಅಲ್ಲ. ಆತ ದನಕರುಗಳಿಗೆ, ಕುದುರೆಗಳಿಗೆ ಮದ್ದು ನೀಡುತ್ತಿದ್ದ ಪಶುವೈದ್ಯ. ಹೆಸರು ಜಾನ್ ಬಾಯ್ಡ್ ಡನ್ಲಪ್.

ಹೊಲದ ಮನೆಯಿಂದ ಪಶುವೈದ್ಯ ವೃತ್ತಿಗೆ

ಡನ್ಲಪ್ ಜನಿಸಿದ್ದು 1840ರ ಫೆಬ್ರುವರಿ 5ರಂದು, ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತ್ಯದ ಡ್ರೆಗ್‌ಹಾರ್ನ್ ಎಂಬ ಊರಿನ ಕೃಷಿಕ ಕುಟುಂಬದಲ್ಲಿ. ಎಡಿನ್‌ಬರೋ ನಗರದಲ್ಲಿ ಪಶುವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಹತ್ತೊಂಬತ್ತನೆಯ ವಯಸ್ಸಿಗೇ ವೈದ್ಯನೆನಿಸಿಕೊಂಡ. ಕೆಲವು ವರ್ಷ ಅಲ್ಲಿಯೇ ವೃತ್ತಿ ನಡೆಸಿ, 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಹೋದ. ಕಾಲಕ್ರಮದಲ್ಲಿ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟಿನಲ್ಲಿದ್ದ ಆತನ ಚಿಕಿತ್ಸಾಲಯವು ಐರ್ಲೆಂಡಿನ ದೊಡ್ಡ ಪಶುವೈದ್ಯ ಕೇಂದ್ರಗಳಲ್ಲಿ ಒಂದಾಗಿ ಬೆಳೆಯಿತು.

ಆತ ವಿದ್ಯಾರ್ಥಿಯಾಗಿದ್ದ ಅದೇ ದಶಕದಲ್ಲಿ, 1856ರಲ್ಲಿ, ಸ್ಕಾಟ್ಲೆಂಡಿನ ಮನೆತನಕ್ಕೆ ಸೇರಿದ ರಾಬರ್ಟ್ ಎಚ್. ಎಲಿಯಟ್ ಎಂಬಾತ ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರದ ಸೀಮೆಗೆ ಬಂದು ಕಾಫಿ ತೋಟ ಮಾಡಿದ್ದ. ಆ ಕಾಲಕ್ಕೆ ಇಲ್ಲಿನ ಕಾಫಿಯನ್ನು ಕರಾವಳಿಗೆ ಇಳಿಸಲು ಎತ್ತಿನ ಗಾಡಿಗಳೇ ಗತಿ. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಆ ಗಾಡಿಗಳು ಕಲ್ಲಿನ ದಾರಿಯಲ್ಲಿ ಕುಲುಕುತ್ತ, ಮಣ್ಣಿನ ದಾರಿಯಲ್ಲಿ ಹೂಳುತ್ತ ಸಾಗುತ್ತಿದ್ದವು. ಬೆಲ್‌ಫಾಸ್ಟಿನ ಸ್ಥಿತಿ ಇದಕ್ಕಿಂತ ಬಹಳ ಭಿನ್ನವೇನಾಗಿರಲಿಲ್ಲ. ಅಲ್ಲಿನ ಬೀದಿಗಳಿಗೆ ಕಲ್ಲು ಹಾಸಲಾಗಿತ್ತು. ನಡುನಡುವೆ ಟ್ರಾಮಿನ ಕಂಬಿಗಳಿದ್ದವು. ಪ್ರಪಂಚದ ಯಾವ ಮೂಲೆಯಲ್ಲೇ ಆಗಲಿ, ಗಟ್ಟಿ ಗಾಲಿಯು ನೆಲದ ಪ್ರತಿ ಏಟನ್ನೂ ಸವಾರನ ಬೆನ್ನಿಗೆ ಮುಟ್ಟಿಸುತ್ತಿತ್ತು.

ಅಂಗಳದಲ್ಲಿ ನಡೆದ ಪರೀಕ್ಷೆ

ಡನ್ಲಪ್‌ನ ಪುತ್ರ ಜಾನಿಗೆ ಆಗ ಹತ್ತು ವರ್ಷದ ಆಸುಪಾಸು. ಅವನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಓಡಿಸಲು ತ್ರಾಸದಾಯಕವಾಗಿತ್ತು. ಮಗನಿಗೆ ಅನುಕೂಲ ಮಾಡಿಕೊಡಬೇಕೆಂಬ ಯೋಚನೆ ತಂದೆಯ ತಲೆಗೆ ಹೊಕ್ಕಿತು. ರಬ್ಬರ್ ಆತನಿಗೆ ಅಪರಿಚಿತ ವಸ್ತುವಾಗಿರಲಿಲ್ಲ. ವೃತ್ತಿಯ ಸಲಕರಣೆಗಳಿಗಾಗಿ ಅದನ್ನು ಬಳಸಿ ಪಳಗಿದ್ದ ಕೈ ಅದು.

1887ರ ಕೊನೆಯ ತಿಂಗಳುಗಳಲ್ಲಿ ಆತ ಮರದ ಬಿಲ್ಲೆಯೊಂದನ್ನು ಗಾಲಿಯಾಗಿ ಸಿದ್ಧಪಡಿಸಿದ. ತೆಳುವಾದ ರಬ್ಬರ್ ಹಾಳೆಯನ್ನು ಅಂಟಿಸಿ ಕೊಳವೆ ಮಾಡಿ, ಬಟ್ಟೆಯ ಪಟ್ಟಿಯಿಂದ ಅದನ್ನು ಬಿಲ್ಲೆಯ ಅಂಚಿಗೆ ಬಿಗಿದ. ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದಲೇ ಅದಕ್ಕೂ ಗಾಳಿ ತುಂಬಿದ. ಬಳಿಕ ಮಾಡಿದ ಕೆಲಸವೇ ಮುಖ್ಯವಾದುದು. ಮಗನ ಸೈಕಲ್ಲಿನ ಹಳೆಯ ಗಾಲಿಯೊಂದನ್ನು ಬಿಚ್ಚಿ ತಂದು, ಅದನ್ನೂ ತನ್ನ ಹೊಸ ಗಾಲಿಯನ್ನೂ ಮನೆಯ ಅಂಗಳದಲ್ಲಿ ಉರುಳಿಸಿದ. ಹಳೆಯ ಗಾಲಿ ಅಂಗಳದ ಉದ್ದವನ್ನೂ ಪೂರೈಸದೆ ಬಿದ್ದುಹೋಯಿತು. ಗಾಳಿ ತುಂಬಿದ ಗಾಲಿ ಅಂಗಳವನ್ನೆಲ್ಲ ದಾಟಿ, ಆಚೆಯ ಬಾಗಿಲ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಇದರ ಕಾರಣ ಸರಳ. ಗಟ್ಟಿ ಗಾಲಿಯು ಕಲ್ಲೊಂದಕ್ಕೆ ತಾಗಿದಾಗ ಇಡಿಯಾಗಿ ಮೇಲೇಳಬೇಕು. ಪ್ರತಿ ಸಲ ಎದ್ದುಬಿದ್ದಾಗಲೂ ಮುಂದಕ್ಕೆ ಸಾಗುವ ಶಕ್ತಿ ಒಂದಿಷ್ಟು ವ್ಯಯವಾಗುತ್ತದೆ. ಗಾಳಿಯ ಗಾಲಿಯಾದರೋ ಕಲ್ಲನ್ನು ತನ್ನೊಳಕ್ಕೆ ಒತ್ತಿಕೊಂಡು ಮುಂದೆ ಸಾಗುತ್ತದೆ. ಮೆತ್ತನೆಯ ವಸ್ತು ವೇಗವನ್ನು ಕುಗ್ಗಿಸುತ್ತದೆಂಬ ಅಂದಿನ ಸಾಮಾನ್ಯ ನಂಬಿಕೆ ಆ ಅಂಗಳದಲ್ಲಿ ಸುಳ್ಳಾಯಿತು.

ಅನಂತರ ಸೈಕಲ್ಲಿನ ಹಿಂದಿನ ಎರಡು ಗಾಲಿಗಳಿಗೆ ಗಾಳಿಯ ಟೈರು ಕೂರಿಸಲಾಯಿತು. 1888ರ ಫೆಬ್ರುವರಿ 28ರ ರಾತ್ರಿ ಬಾಲಕ ಜಾನಿ ಅದನ್ನು ಬೀದಿಯಲ್ಲಿ ಓಡಿಸಿದ. ಅದೇ ವರ್ಷ ಡನ್ಲಪ್ ಸಲ್ಲಿಸಿದ ಅರ್ಜಿಗೆ ಡಿಸೆಂಬರ್ 7ರಂದು ಪೇಟೆಂಟ್ ದೊರೆಯಿತು.

ಓಟದ ಮೈದಾನದಲ್ಲಿ

ಮನೆಯಂಗಳದ ಗೆಲುವು ಜಗತ್ತಿಗೆ ತಿಳಿಯಲು ಇನ್ನೊಂದು ಅಂಗಳ ಬೇಕಿತ್ತು. ಬೆಲ್‌ಫಾಸ್ಟಿನ ಸೈಕಲ್ ಸಂಘವೊಂದರ ನಾಯಕ ವಿಲ್ಲಿ ಹ್ಯೂಮ್ ಗಾಳಿ ಟೈರಿನ ಸೈಕಲ್ಲನ್ನು ಕೊಂಡುಕೊಂಡ. 1889ರ ಮೇ 18ರಂದು ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ಆತ ದಪ್ಪ ಗಾಲಿಗಳ ಆ ಸೈಕಲ್ಲಿನೊಡನೆ ಬಂದಾಗ ನೋಡಿದವರು ನಕ್ಕರಂತೆ. ಆದರೆ ಸೈಕಲ್ ಸ್ಪರ್ಧೆಗಳನ್ನೆಲ್ಲ ಗೆದ್ದವನು ಅವನೇ. ಅಸಾಧಾರಣ ಓಟಗಾರನೆಂದು ಹ್ಯೂಮ್ ಹೆಸರಾಗಿರಲಿಲ್ಲ ಎಂಬುದೇ ಆ ಗೆಲುವಿನ ತೂಕವನ್ನು ಹೆಚ್ಚಿಸಿತು. ಒಂದೇ ಮೈದಾನ, ಒಂದೇ ದಿನ. ಎದ್ದು ಕಾಣುವ ವ್ಯತ್ಯಾಸವಿದ್ದುದು ಗಾಲಿಯಲ್ಲಿ ಮಾತ್ರ.

ಅಂದು ಸೋತವರಲ್ಲಿ ಡಬ್ಲಿನ್ನಿನ ಉದ್ಯಮಿ ಹಾರ್ವೆ ಡು ಕ್ರೋನ ಪುತ್ರರೂ ಇದ್ದರು. ಮಕ್ಕಳ ಸೋಲಿನಲ್ಲಿ ತಂದೆ ವ್ಯಾಪಾರದ ದಾರಿ ಕಂಡ. 1889ರಲ್ಲೇ ಡಬ್ಲಿನ್ನಿನಲ್ಲಿ ಗಾಳಿ ಟೈರಿನ ಕಂಪನಿ ಸ್ಥಾಪನೆಯಾಯಿತು. ಡನ್ಲಪ್ ತನ್ನ ಪೇಟೆಂಟನ್ನು ಡು ಕ್ರೋಗೆ ಒಪ್ಪಿಸಿ, ಪ್ರತಿಯಾಗಿ ಷೇರುಗಳನ್ನು ಪಡೆದ.

ಮರೆತುಹೋಗಿದ್ದ ಮತ್ತೊಬ್ಬ

ಇಷ್ಟರಲ್ಲಿ ಬರಸಿಡಿಲಿನಂಥ ಸುದ್ದಿಯೊಂದು ಬಂದಿತು. ಗಾಳಿ ತುಂಬಿದ ಗಾಲಿಯ ಕಲ್ಪನೆಗೆ 1845ರಲ್ಲೇ ಮತ್ತೊಬ್ಬ ಸ್ಕಾಟ್ಲೆಂಡಿನವನು ಪೇಟೆಂಟ್ ಪಡೆದಿದ್ದುದು 1890ರಲ್ಲಿ ಬೆಳಕಿಗೆ ಬಂತು. ಆತ ಸ್ಟೋನ್‌ಹೇವನ್ ಊರಿನ ರಾಬರ್ಟ್ ವಿಲಿಯಂ ಥಾಮ್ಸನ್. ಆಗ ಅವನಿಗಿನ್ನೂ ಇಪ್ಪತ್ತಮೂರು ವರ್ಷ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಬಂಡಿಗಳಿಗೆ ತನ್ನ ಗಾಳಿಯ ಗಾಲಿಗಳನ್ನು ತೊಡಿಸಿ ಪ್ರದರ್ಶಿಸಿದ್ದ ಆತನ ಒಂದು ಜೊತೆ ಗಾಲಿಗಳು 1,200 ಮೈಲಿ ಓಡಿದ್ದವೆಂಬುದು ದಾಖಲಾಗಿದೆ. ಆದರೆ ಆ ಕಾಲಕ್ಕೆ ಸೈಕಲ್ಲಿನ ಪ್ರಚಾರವಿರಲಿಲ್ಲ, ಮೋಟಾರು ಹುಟ್ಟಿರಲಿಲ್ಲ, ತೆಳುವಾದ ಒಳ್ಳೆಯ ರಬ್ಬರ್ ದುಬಾರಿಯಾಗಿತ್ತು. ಕೊಳ್ಳುವವರಿಲ್ಲದೆ ಆವಿಷ್ಕಾರ ಮೂಲೆ ಸೇರಿತು. ಥಾಮ್ಸನ್ 1873ರಲ್ಲಿ ತೀರಿಕೊಂಡ.

ಡನ್ಲಪ್‌ಗೆ ಥಾಮ್ಸನ್ ವಿಚಾರ ತಿಳಿದಿರಲಿಲ್ಲ. ಆದರೂ ಕಾನೂನಿನ ಕಣ್ಣಿನಲ್ಲಿ ಆತನ ಪೇಟೆಂಟ್ ಅಸಿಂಧುವಾಯಿತು. ಟೈರನ್ನು ಗಾಲಿಯ ಅಂಚಿಗೆ ಸುಲಭವಾಗಿ ತೊಡಿಸಿ ಬಿಚ್ಚುವ ವಿಧಾನಗಳ ಕುರಿತು ವೆಲ್ಚ್ ಮತ್ತು ಬಾರ್ಟ್‌ಲೆಟ್ ಪಡೆದಿದ್ದ ಬೇರೆ ಪೇಟೆಂಟುಗಳನ್ನು ಕೊಂಡು ಕಂಪನಿ ಉಳಿದುಕೊಂಡಿತು.

ಹೆಸರು ಉಳಿಯಿತು, ಒಡೆತನವಲ್ಲ

1895ರಲ್ಲಿ ಡನ್ಲಪ್ ಕಂಪನಿಯಿಂದ ಹೊರಬಂದ. ತನ್ನ ಪಾಲಿನ ಬಹುಭಾಗವನ್ನೂ ಮಾರಿಬಿಟ್ಟ. ಮರುವರ್ಷವೇ, 1896ರಲ್ಲಿ, ಆ ಉದ್ದಿಮೆಯು 30 ಲಕ್ಷ ಪೌಂಡಿಗೆ ಟೆರಾ ಹೂಲಿ ಎಂಬ ಹಣಕಾಸುದಾರನ ಕೈ ಸೇರಿತು; ಆತ ಅದನ್ನೇ 50 ಲಕ್ಷ ಪೌಂಡಿನ ಕಂಪನಿಯಾಗಿ ಪೇಟೆಗೆ ತಂದ. ಮಾಲೀಕತ್ವದಲ್ಲಿ ಡನ್ಲಪ್ ಇಲ್ಲದ ಮೇಲೆ ಕಂಪನಿಯ ಹೆಸರಿನಲ್ಲಿ ಡನ್ಲಪ್ ಪ್ರತಿಷ್ಠಾಪಿತನಾದ. ಮುಂದೆ ಕಂಪನಿ ಆತನ ಚಿತ್ರವನ್ನೂ ಜಾಹೀರಾತಿಗೆ ಬಳಸಿತು. ಗಡ್ಡಧಾರಿ ಗಂಭೀರ ವೈದ್ಯನನ್ನು ಷೋಕಿಲಾಲನಂತೆ ಚಿತ್ರಿಸಿದ್ದು ಆತನಿಗೆ ತೀವ್ರ ಬೇಸರ ತಂದಿತ್ತು.

ಡಬ್ಲಿನ್ನಿನಲ್ಲಿ ನೆಲೆಸಿದ ಡನ್ಲಪ್ ಅಲ್ಲಿನ ಜವಳಿ ವ್ಯಾಪಾರ ಸಂಸ್ಥೆಯೊಂದರಲ್ಲಿ ಪಾಲು ಹೊಂದಿ ಶಾಂತವಾಗಿ ಬದುಕಿದ. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಪ್ಯಾರಿಸ್–ಬೋರ್ಡೊ ಓಟದಲ್ಲಿ ಮೋಟಾರು ಕಾರಿಗೆ ಗಾಳಿ ಟೈರು ತೊಡಿಸಿದ್ದರು. ಹಾದಿಯುದ್ದಕ್ಕೂ ಪಂಕ್ಚರುಗಳಾದರೂ ಆ ಪ್ರಯೋಗ ಮುಂದಿನ ಶತಮಾನದ ರಸ್ತೆಗೆ ಮುನ್ನುಡಿಯಾಯಿತು. ತನ್ನ ಅಂಗಳದ ಗಾಲಿ ಜಗತ್ತನ್ನೆಲ್ಲ ಉರುಳಿಸುತ್ತಿದ್ದುದನ್ನು ನೋಡಿದ ಡನ್ಲಪ್, 1921ರ ಅಕ್ಟೋಬರ್ 23ರಂದು ಡಬ್ಲಿನ್ನಿನಲ್ಲಿ ಕೊನೆಯುಸಿರೆಳೆದ. ಗಾಳಿ ಟೈರಿನ ಇತಿಹಾಸ ಕುರಿತು ಆತ ಬರೆದಿಟ್ಟಿದ್ದ ಗ್ರಂಥ ಮರಣಾನಂತರ ಪ್ರಕಟವಾಯಿತು.

ಆತನ ಹೆಸರು ಮಾತ್ರ ಭಾರತದ ಹಳ್ಳಿಗಳನ್ನೂ ತಲುಪಿತು. ಪಶ್ಚಿಮ ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಡನ್ಲಪ್ ಕಾರ್ಖಾನೆ ಆರಂಭವಾಯಿತು. ಉತ್ತರ ಭಾರತದ ಕೆಲವೆಡೆ ರಬ್ಬರ್ ಗಾಲಿಯ ಎತ್ತಿನ ಗಾಡಿಗೆ ಡನ್ಲಪ್ ಎಂದೇ ಹೆಸರಾಯಿತು. ನಮ್ಮಲ್ಲಿ ಅದು ಟೈರು ಗಾಡಿಯಾಯಿತು. ಸಾಹಾಗಂಜ್ ಕಾರ್ಖಾನೆ ಮುಂದೆ ಸ್ತಬ್ಧಗೊಂಡಿತು. ನಮ್ಮ ರಾಜ್ಯದಲ್ಲಿ ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆಯ ವಶವಾಯಿತು.

ಇಂದಿನ ಕೋಷ್ಟಕ, ನಮ್ಮ ರಸ್ತೆ

ಡನ್ಲಪ್‌ನ ವಿಧಾನ ಇಂದಿಗೂ ಬದಲಾಗಿಲ್ಲ. ಅಮೆರಿಕದ ದರ್ಜೆ ಪದ್ಧತಿಯಲ್ಲಿ ಟೈರಿನ ಸವೆತ ಅಳೆಯಲು ಟೆಕ್ಸಾಸಿನ ನಿಗದಿತ ರಸ್ತೆಯಲ್ಲಿ 7,200 ಮೈಲಿ ಓಡಿಸುತ್ತಾರೆ. ಪರೀಕ್ಷೆಯ ಟೈರು ತೊಟ್ಟ ವಾಹನದ ಜೊತೆಯಲ್ಲೇ ಅಳತೆಗೋಲಿನ ಟೈರು ತೊಟ್ಟ ವಾಹನವೂ ಸಾಗುತ್ತದೆ. ಬೆಲ್‌ಫಾಸ್ಟಿನ ಅಂಗಳವೇ ಹಿಗ್ಗಿ ಹೆದ್ದಾರಿಯಾದಂತೆ! ಯುರೋಪಿನಲ್ಲಿ 2012ರಿಂದ ಟೈರುಗಳ ಮೇಲೆ ಇಂಧನ ಮಿತವ್ಯಯ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರನ್ನೂ ಸೂಚಿಸುವ ಚೀಟಿ ಇದೆ. ಭಾರತದಲ್ಲಿಯೂ ಇವೇ ಮೂರು ಗುಣಗಳಿಗೆ ಕನಿಷ್ಠ ಮಟ್ಟ ವಿಧಿಸುವ ಅಧಿಸೂಚನೆ 2022ರಲ್ಲಿ ಹೊರಬಿತ್ತು.

ಆದರೆ ಪರೀಕ್ಷೆಯು ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ ಎಂಬುದನ್ನು ಡನ್ಲಪ್‌ನ ಅಂಗಳವೇ ತೋರಿಸಿತ್ತು. ಯಾವ ಗಾಲಿ ದೂರ ಉರುಳುತ್ತದೆ ಎಂದು ಆತ ಕೇಳಿದ, ಉತ್ತರ ಸಿಕ್ಕಿತು. ಒದ್ದೆ ನೆಲದಲ್ಲಿ ಯಾವುದು ಜಾರುತ್ತದೆ ಎಂದು ಕೇಳಿರಲಿಲ್ಲ. ಮೊದಲ ಕಾಲದ ನುಣುಪು ಟೈರುಗಳು ಮಳೆಯಲ್ಲಿ ಅಡ್ಡಕ್ಕೆ ಜಾರಿ ಸವಾರರನ್ನು ಕಾಡಿದವು. ಅಮೆರಿಕದ ದರ್ಜೆಯಲ್ಲಿಯೂ ಹಿಡಿತವೆಂದರೆ ಒದ್ದೆಯಾದ ಡಾಂಬರು, ಕಾಂಕ್ರೀಟುಗಳ ಮೇಲೆ ನೇರವಾಗಿ ಬ್ರೇಕು ಹಾಕಿದಾಗಿನ ಹಿಡಿತ ಮಾತ್ರ. ತಿರುವಿನಲ್ಲಿನ ಹಿಡಿತವನ್ನು ಅದು ಅಳೆಯುವುದಿಲ್ಲ. 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟು ಕಂಡ ಶಿರಾಡಿಯಲ್ಲಿ ವಾಹನ ಸವಾರನ ಜೀವ ನಿಂತಿರುವುದು ಆ ತಿರುವುಗಳಲ್ಲಿಯೇ.

ಎಲ್ಲ ಋತುವಿನ ಟೈರು ಎಂಬ ಮಾತೂ ಹೀಗೆಯೇ. ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಟೈರು ಬದಲಿಸುವ ಕಷ್ಟ ತಪ್ಪಿಸಲು ಹುಟ್ಟಿದ ಕಲ್ಪನೆ ಅದು. 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ರಬ್ಬರ್ ಬಿಗಿಯಾಗಬಾರದೆಂಬುದು ಅಲ್ಲಿನ ಚಿಂತೆ. ಆಲೂರು, ಸಕಲೇಶಪುರಗಳ ಋತುಗಳು ಬೇರೆ: ಏಪ್ರಿಲ್ಲಿನ ಬಿಸಿಲು, ಜುಲೈನ ಮಳೆ, ತೋಟದ ದಾರಿಯ ಕೆಸರು. ಇಲ್ಲಿ ನೀರನ್ನು ಹೊರಕ್ಕೆ ತಳ್ಳುವ ಆಳವಾದ ಗೆರೆಗಳೇ ಮುಖ್ಯ. ಹೆಚ್ಚು ಬಾಳಿಕೆಯ ಅಂಕಿ ಹೊತ್ತ ಟೈರು ಒದ್ದೆಯಲ್ಲಿಯೂ ಮೇಲೆಂದು ಭಾವಿಸಲಾಗದು. ಒಂದು ಗುಣ ಏರಿಸಿದಾಗ ಮತ್ತೊಂದು ಇಳಿಯುವ ಸಂಭವ ಹೆಚ್ಚು. ಕಾರಿನ ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂಬುದು ಕಾನೂನು. ಆ ಮಿತಿಗೆ ಸವೆದ ದುಬಾರಿ ಟೈರು ನೀರಿನ ಪದರದ ಮೇಲೆ ತೇಲುವುದನ್ನು ಯಾವ ಪ್ರತಿಷ್ಠಿತ ಹೆಸರೂ ತಡೆಯಲಾರದು.

ಎಡಿನ್‌ಬರೋ ನಗರದ ಸ್ಕಾಟ್ಲೆಂಡ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಡನ್ಲಪ್‌ನ ಆರಂಭಕಾಲದ ಟೈರೊಂದು ಉಳಿದುಬಂದಿದೆ. ಆತ ಮೊದಲಿಗನೆಂಬ ಹೆಗ್ಗಳಿಕೆ ಥಾಮ್ಸನ್‌ಗೆ ಸಲ್ಲಬೇಕು; ದೊಡ್ಡ ಲಾಭ ಡು ಕ್ರೋ, ಹೂಲಿಗಳಿಗೆ ಸಂದಿತು. ಡನ್ಲಪ್‌ಗೆ ಉಳಿದ ಹಿರಿಮೆ ಇಷ್ಟೇ: ತನ್ನ ಮಗ ಓಡಾಡುವ ಬೀದಿ ಎಂಥದೆಂದು ಮೊದಲು ಗಮನಿಸಿ, ಅದಕ್ಕೆ ತಕ್ಕ ಗಾಲಿಯನ್ನು ಹುಡುಕಿದ. ಮಳೆಗಾಲಕ್ಕೆ ಮುನ್ನ ಟೈರಂಗಡಿಯ ಮುಂದೆ ನಿಲ್ಲುವ ನಮಗೆ ಆ ಪಶುವೈದ್ಯನ ಬದುಕು ಕೊಡುವ ಬುದ್ಧಿಯೂ ಅದೇ. ನಾವು ಇಳಿಯಬೇಕಾದ ಘಾಟಿ ಯಾವುದೆಂಬುದನ್ನು ಮೊದಲು ನೆನೆದು, ಬಳಿಕ ಕೋಷ್ಟಕವನ್ನು ಓದಬೇಕು.