ಮೆಟ್ರಿಕ್‌ನಲ್ಲಿ ನಪಾಸಾದ ಮಹಾನ್ ಸಂಶೋಧಕ

ಡಾ. ಯೆಲ್ಲಾಪ್ರಗಡ ಸುಬ್ಬರಾವ್ ಅವರು 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಜನಿಸಿದರು. ಮೆಟ್ರಿಕ್‌ನಲ್ಲಿ ಎರಡು ಸಲ ನಪಾಸಾಗಿ ಮೂರನೆಯ ಸಲ ಪಾಸಾದರು. ಮದ್ರಾಸಿನಲ್ಲಿ ವೈದ್ಯಕೀಯ ಕಲಿತು ಅಮೆರಿಕೆಗೆ ತೆರಳಿದರು. 1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ತಂಡವು ಫೋಲಿಕ್ ಆಮ್ಲವನ್ನೂ, ಅದನ್ನೇ ಹೋಲುವ ಅಮಿನೋಪ್ಟೆರಿನ್ ಹಾಗೂ ಮೆಥೊಟ್ರೆಕ್ಸೇಟ್ ಔಷಧಿಗಳನ್ನೂ ತಯಾರಿಸಿತು. ಈ ಹೋಲಿಕೆಯಿಂದ ಜೀವಕೋಶದ ಕಿಣ್ವ ಮೋಸಹೋಗುತ್ತದೆ, ಹೊಸ ಡಿ.ಎನ್.ಎ. ಕಟ್ಟುವ ಕೆಲಸ ನಿಲ್ಲುತ್ತದೆ. 1947-48ರಲ್ಲಿ ಡಾ. ಸಿಡ್ನಿ ಫಾರ್ಬರ್ ಅವರು ಅಮಿನೋಪ್ಟೆರಿನ್ ನೀಡಿದಾಗ ರಕ್ತ ಕ್ಯಾನ್ಸರಿನ ಕೆಲವು ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರು. ಮೆಥೊಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರ್, ಸಂಧಿವಾತಗಳಿಗೆ ಬಳಕೆಯಲ್ಲಿದೆ. ಆದರೆ ಬಾಯಿಹುಣ್ಣು, ರಕ್ತಕಣಗಳ ಇಳಿಕೆ, ಯಕೃತ್ತಿಗೆ ಹಾನಿ ಆಗಬಹುದಾದ್ದರಿಂದ ಆಗಾಗ ರಕ್ತಪರೀಕ್ಷೆ ಅಗತ್ಯ. ಸುಬ್ಬರಾವ್ 1948ರಲ್ಲಿ, 53ನೇ ವಯಸ್ಸಿನಲ್ಲಿ ತೀರಿಕೊಂಡರು. ಪ್ರಿಯ ವಿದ್ಯಾರ್ಥಿಗಳೇ, ಫಲಿತಾಂಶ ನೋಡಿ ಎದೆಗುಂದುವ ದಿನ ಇವರನ್ನು ನೆನೆಯಿರಿ.