ಶತಾಯುಷಿಯ ಬಾಲ್ಯ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮನೆಯಲ್ಲಿ ಬಡತನ. ತಾಯಿ ವೆಂಕಟಲಕ್ಷ್ಮಮ್ಮನವರ ದೃಢಸಂಕಲ್ಪದಿಂದಲೂ ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆಯಿಂದಲೂ ಅವರ ವಿದ್ಯಾಭ್ಯಾಸ ಮುಂದುವರಿಯಿತು. ಊಟ ಮಾವನ ಮನೆಯಲ್ಲಿ. ವಾಸ, ತಾವು ಮಕ್ಕಳಿಗೆ ಪಾಠ ಹೇಳುತ್ತಿದ್ದ ಕೊಡಗಿನ ಕುಟುಂಬವೊಂದರ ಮನೆಯಲ್ಲಿ. ಇವೆರಡರ ನಡುವೆ ದಿನವೂ ಕಾಲ್ನಡಿಗೆ. ಹೀಗೆ ಓದಿಯೇ ಅವರು 1881ರಲ್ಲಿ ಬಿ.ಎ. ಪದವಿ ಪಡೆದರು.

ಕಷ್ಟವೇ ಅವರನ್ನು ಗಟ್ಟಿಗೊಳಿಸಿತೆಂದು ಹೇಳುವುದು ವಾಡಿಕೆ. ಇದು ಪೂರ್ಣ ಸತ್ಯವಲ್ಲ. ಅವರು ವಿದ್ಯಾರ್ಥಿಯಾಗಿದ್ದಾಗಲೇ 1876-78ರ ಮಹಾಕ್ಷಾಮವು ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಎಳವೆಯ ಹಸಿವು ಮತ್ತು ಅನಾಥತೆ ಬದುಕುಳಿದವರನ್ನೂ ಸುಮ್ಮನೆ ಬಿಡುವುದಿಲ್ಲ. ದಶಕಗಳ ಅನಂತರ ಹೃದ್ರೋಗ, ಮಧುಮೇಹಗಳಿಗೆ ಅವು ದಾರಿಯಾಗಬಲ್ಲವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ವಿಶ್ವೇಶ್ವರಯ್ಯನವರಿಗೆ ಕಷ್ಟವಿತ್ತು, ಆದರೆ ಹೊತ್ತಿಗೆ ತುತ್ತು ನೀಡುವ ಮನೆಯೂ ಇತ್ತು. ಎಷ್ಟೋ ಮಕ್ಕಳಿಗೆ ಅದಿರಲಿಲ್ಲ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಆಯ್ದ ಊರುಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು 1913ರಲ್ಲಿ ಕಾನೂನು ಬಂದಿತು. ಮಳೆ ಕಡಿಮೆಯಾದ ಅರಸೀಕೆರೆಯ ಸೀಮೆಯನ್ನು ಹಾಸನದ ಮೂಲಕ ಮೈಸೂರಿಗೆ ಜೋಡಿಸುವ ರೈಲುಮಾರ್ಗದ ನಿರ್ಮಾಣ ನಡೆದುದೂ ಅವರ ಆಡಳಿತಕಾಲದಲ್ಲಿಯೇ. ಬರ ಬಂದಾಗ ಧಾನ್ಯ ಸಾಗಿಸಲು ರೈಲು ಎಷ್ಟು ಮುಖ್ಯವೆಂಬುದನ್ನು ಕ್ಷಾಮ ಕಂಡ ತಲೆಮಾರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಮಿತಾಹಾರ, ನಡಿಗೆ, ಕಾಲನಿಷ್ಠೆ ಇವು ಅವರನ್ನು ಕಡೆಯವರೆಗೂ ಬಿಡಲಿಲ್ಲ. ತೊಂಬತ್ತು ದಾಟಿದ ಮೇಲೂ ಗಂಗಾನದಿಯ ಸೇತುವೆಗೆ ಸ್ಥಳ ಪರಿಶೀಲಿಸಲು ಬಿಹಾರಕ್ಕೆ ಹೋಗಿಬಂದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವರ್ಷ ತುಂಬಿದ ಮೇಲೆ, 1962ರ ಏಪ್ರಿಲ್ 14ರಂದು, ಅವರು ಬೆಂಗಳೂರಿನಲ್ಲಿ ನಿಧನರಾದರು.