ಸತೀಶ್ ಧವನ್ ಮತ್ತು ಕಡಲಿನ ಹಸಿರು

ಹಗರೆಯ ಮಕ್ಕಳು ಕೆರೆ ನೋಡಿದ್ದಾರೆ, ಕಡಲು ನೋಡಿದವರು ಕಡಿಮೆ. ನೀರಿಗೆ ಹಸಿರು ಬರುವ ಪಾಠ ಮಾಡುವಾಗಲೆಲ್ಲ ನನಗೆ ಪ್ರೊ. ಸತೀಶ್ ಧವನ್ ನೆನಪಾಗುತ್ತಾರೆ.

1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಅವರು 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. 1962ರಲ್ಲಿ ಅದರ ನಿರ್ದೇಶಕರಾದರು. 1972ರಲ್ಲಿ ಇಸ್ರೋದ ಹೊಣೆ ಬಂದಾಗ ಎರಡು ಷರತ್ತು ಹಾಕಿದರು: ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ. ಮೇಷ್ಟರಾದ ನನಗೆ ಎರಡನೆಯದೇ ಹೆಚ್ಚು ಇಷ್ಟ.

ಅವರ ಕಾಲದಲ್ಲೇ, 1979ರಲ್ಲಿ, ಭಾಸ್ಕರ-1 ಉಪಗ್ರಹ ಕಡಲನ್ನು ಅಳೆಯುವ ಉಪಕರಣ ಹೊತ್ತು ಹೋಯಿತು. ಅದೇ ಹಾದಿಯಲ್ಲಿ 1999ರ ಮೇ 26ರಂದು ಓಷನ್‌ಸ್ಯಾಟ್-1 ಶ್ರೀಹರಿಕೋಟದಿಂದ ಏರಿತು. ಹಡಗಿನಿಂದ ನೀರು ಮೊಗೆದು ಪರೀಕ್ಷಿಸಿದರೆ ತಿಳಿಯುವುದು ಒಂದು ಜಾಗದ ಸಂಗತಿ. ಈ ಉಪಗ್ರಹವೋ ಎರಡು ದಿನಕ್ಕೊಮ್ಮೆ ಅರಬ್ಬೀ ಸಮುದ್ರದ ಬಣ್ಣ ನೋಡಿ, ಪತ್ರಹರಿತ್ತಿನ ಲೆಕ್ಕದಿಂದ ಸಸ್ಯಪ್ಲವಕ ಎಲ್ಲಿ ಎಷ್ಟಿದೆಯೆಂದು ತಿಳಿಸುತ್ತಿತ್ತು. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ನಡೆಸುವುದು ಈ ಸೂಕ್ಷ್ಮಜೀವಿಗಳೇ. ಅವು ಹೀರಿದ ಇಂಗಾಲದಲ್ಲಿ ಒಂದು ಪಾಲು ಕಡಲಿನ ಆಳಕ್ಕಿಳಿಯುತ್ತದೆ. ನಾವು ಸುಟ್ಟ ಹೊಗೆಯ ಲೆಕ್ಕ ಅಲ್ಲಿಗೂ ಮುಟ್ಟುತ್ತದೆ. ಪ್ಲವಕವಿದ್ದಲ್ಲಿ ಮೀನು ಸೇರುವುದರಿಂದ ಮಲ್ಪೆಯ ದೋಣಿಯವರಿಗೂ ಇದರಿಂದ ಉಪಕಾರ.

ನಿವೃತ್ತರಾದ ಮೇಲೆ ಧವನ್ ಹಕ್ಕಿಗಳ ಹಾರಾಟದ ಬಗ್ಗೆ ಪುಸ್ತಕ ಬರೆದರು. 2002ರ ಜನವರಿ 3ರಂದು ತೀರಿಕೊಂಡರು. ಶ್ರೀಹರಿಕೋಟದ ಕೇಂದ್ರಕ್ಕೆ ಈಗ ಅವರದೇ ಹೆಸರು.